ಕಾಶಪ್ಪ ಕಂಪೌಂಡರ ಸೂಜಿ

ಕಾಶಪ್ಪ ಕಂಪೌಂಡರು ನಿಂತಲ್ಲಿ ನಿಲ್ಲುವ ಮನುಷ್ಯರಲ್ಲ. ಮಾತಾಡುವಾಗಲೂ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇರುವರು. ಕೊಟ್ಟ ಚಹಾ ಕಟ್ಟೆಯ ಮೇಲೇ ಆರಿಹೋಗುವುದು. "ಲಗೂ ಹೇಳವಾ, ಜ್ವರ ಯಾವಾಗ ಬಂತು?" ಎಂದು ಕೇಳಿ, ಉತ್ತರ ಮುಗಿಯುವುದರೊಳಗೆ ಸೂಜಿ ಹೊರಗೆ ತೆಗೆದಿರುವರು.

ಐವತ್ತರ ದಶಕದ ಮಾತು. ನಾನಾಗ ಮುಶಿಗೇರಿಗೆ ಹೊಸ ಸೊಸೆ. ಗಜೇಂದ್ರಗಡದ ಒಬ್ಬ ಖಾಸಗಿ ಡಾಕ್ಟರರ ಹತ್ತಿರ ಕೆಲಸಕ್ಕಿದ್ದ ಕಾಶಪ್ಪನವರು ವಾರಕ್ಕೊಮ್ಮೆ ಸೈಕಲ್ ತುಳಿದು ನಮ್ಮೂರಿಗೆ ಬರುತ್ತಿದ್ದರು. ಜನಕ್ಕೆ ಗುಳಿಗೆ ಸಾಲದು, ಸೂಜಿಯೇ ಬೇಕು. ಸಾಲಾಗಿ ಕೂತವರಿಗೆಲ್ಲ ಒಂದೇ ಸೂಜಿ. ನಡುನಡುವೆ ಸ್ಪಿರಿಟ್ ಹಚ್ಚಿದ ಅರಳೆಯಿಂದ ಒರೆಸುವರು. ಅಷ್ಟಾದರೆ ಶುದ್ಧವಾಯಿತೆಂದು ಅವರೂ ನಂಬಿದ್ದರು, ನಾವೂ ನಂಬಿದ್ದೆವು.

ಒಂದು ಶ್ರಾವಣದಲ್ಲಿ ಊರ ತುಂಬ ಜ್ವರ. ದೀಪಾವಳಿ ಕಳೆದ ಮೇಲೆ ನನ್ನ ಗಂಡನ ಕಣ್ಣು ಹಳದಿಯಾದವು. ಕಾಮಣಿ! ಪಕ್ಕದ ಮನೆಯ ನೀಲವ್ವನಿಗೂ ಬಂತು. ನನ್ನ ಗಂಡ ತಿಂಗಳೊಪ್ಪತ್ತಿನಲ್ಲಿ ಎದ್ದ. ನೀಲವ್ವ ಏಳಲಿಲ್ಲ, ಮೊಲೆ ಬಿಡದ ಕೂಸನ್ನು ಬಿಟ್ಟು ಹೋದಳು. ಕೆಲವರು ಉಷ್ಣವೆಂದರು, ಕೆಲವರು ಕೆರೆಯ ನೀರೆಂದರು.

ಕಂಪೌಂಡರು ನಮ್ಮ ನೀರಿನ ಕೊಡವನ್ನೇ ನೋಡುತ್ತ ಕೇಳಿದರು, "ಒಂದ ಕೊಡದ ನೀರು ಮನಿಮಂದೆಲ್ಲಾ ಕುಡೀತೀರಿ. ಹಂಗಾರ ಇವನೊಬ್ಬಗ ಯಾಕ ಬಂತು?"

ಅವತ್ತಿನಿಂದ ಮನೆಮನೆ ಹೊಕ್ಕು ವಿಚಾರಿಸತೊಡಗಿದರು. ತಾವು ಸೂಜಿ ಮಾಡುತ್ತಿದ್ದ ಇನ್ನೊಂದು ಊರು ಅಬ್ಬಿಗೇರಿಗೂ ಹೋಗಿ ಬಂದರು. ಎಂಟು ದಿನದ ಮೇಲೆ ಬಂದಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ತಂಗಿ, ಕಾಮಣಿ ಆದವರೆಲ್ಲಾ ಶ್ರಾವಣದಾಗ ನನ್ನ ಕಡೆ ಸೂಜಿ ಮಾಡಿಸಿಕೊಂಡವರು. ಸೂಜಿ ಬ್ಯಾಡ ಅಂದವರಿಗೆ ಒಬ್ಬರಿಗೂ ಆಗಿಲ್ಲ. ಯಾರದೋ ರಕ್ತದಾಗಿನ ರೋಗ ನಾನ ಎಲ್ಲಾರಿಗೂ ಹಂಚೇನಿ."

"ಡಾಕ್ಟರ್ ಏನಂದ್ರು?"

"ಬಾಯಿ ಮುಚಗೊಂಡಿರು, ಮಂದಿ ಹೊಡೀತಾರ ಅಂದ್ರು. ನನಗ ಸುಮ್ಮನ ಇರಾಕ ಆಗವಲ್ದು."

ನೀಲವ್ವನ ಗಂಡ ಬಸಪ್ಪನ ಮನೆಗೆ ಜೊತೆಗೆ ಬಾ ಎಂದರು. ಹೋದೆ. ಕಂಪೌಂಡರು ಒಂದನ್ನೂ ಮುಚ್ಚಿಡದೆ ಹೇಳಿದರು. ಹೊಡೆಯುತ್ತಾನೇನೋ ಎಂದು ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಬಸಪ್ಪ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೇ ಇದ್ದ.

"ದೇವರು ಒಯ್ದ ಅಂತ ಸಮಾಧಾನ ಮಾಡಿಕೊಂಡಿದ್ನಿರಿ," ಅಂದ. "ಈಗ ನೀವು ಬಂದು ಅದನ್ನೂ ಕಸಗೊಂಡ್ರಿ."



ಆಮೇಲೆ ಅವರು ಸೈಕಲ್ಲಿಗೆ ಸ್ಟೋವ್ ಕಟ್ಟಿಕೊಂಡು ಬರತೊಡಗಿದರು. ಒಬ್ಬೊಬ್ಬರಿಗೂ ಸೂಜಿ ಕುದಿಸಬೇಕು. ಹೊಲಕ್ಕೆ ಹೊತ್ತಾಯಿತೆಂದು ಜನ ಗೊಣಗಿದರೆ, "ಕಾಯ್ರಿ, ಇಲ್ಲಾಂದ್ರ ಗುಳಿಗಿ ತಗೊಂಡು ಹೋಗ್ರಿ" ಎಂದು ರೇಗುವರು. ಬರಬರುತ್ತ ಜನ ಕಡಿಮೆಯಾದರು. ಡಾಕ್ಟರರು ಕೆಲಸ ಬಿಡಿಸಿದರು.

ಕಡೆಯ ಸಲ ಅವರನ್ನು ಕಂಡದ್ದು ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ. ಕೈಯಲ್ಲೊಂದು ಚೀಲ.

"ನಿನ್ನ ಗಂಡನ ಕಣ್ಣು ಹ್ಯಾಂಗ ಅದಾವ?"

"ಬೆಳ್ಳಗ ಅದಾವ್ರಿ. ನೀವು ಎಲ್ಲಿಗೆ ಹೊಂಟ್ರಿ?"

"ನರಗುಂದಕ್ಕ. ಇಲ್ಲಿಗೆ ಬರೂಕಿಂತ ಮೊದಲು ಆರು ವರ್ಷ ಅಲ್ಲಿ ಹಳ್ಳಿಹಳ್ಳಿಗೆ ಸೂಜಿ ಮಾಡೇನಿ, ತಂಗಿ. ಅಲ್ಲಿ ಕಾಮಣಿ ಆಗಿತ್ತೇನು ಅಂತ ಯಾರ್ನೂ ಇನ್ನೂ ಕೇಳಿಲ್ಲ."

ಬಸ್ಸು ಬಂತು. ಒಳಗಿನವರು ಇಳಿಯುವುದಕ್ಕೂ ಕಾಯದೆ ಅವರು ನುಗ್ಗಿ ಹತ್ತಿದರು.