ಗೇಟು ಕಂಡರೆ ಸಾಲದು, ತಿರುವು ಕಾಣಬೇಕು

ಬೆಳಿಗ್ಗೆ ಐದೂ ಹತ್ತು. ಟೇ ನದಿಯಿಂದ ಎದ್ದ ಮಂಜು ಡಂಡೀ ಊರಿನ ಕಾರ್ಖಾನೆಗಳ ಬೀದಿಯನ್ನು ಅರ್ಧ ನುಂಗಿದೆ. ಗ್ಲೆನ್‌ಹಾರ್ವಿ ಬಾಯ್ಲರ್ ಕಾರ್ಖಾನೆಯ ಎದುರು, ಹಳೆಯ ಕಾರಿನ ದೀಪ ಆರಿಸಿ ಕೂತಿದ್ದಾರೆ ಇನಿಸ್ ರಟ್ರೇ. ಗೇಟು ತೆರೆಯುತ್ತದೆ, ತುಂಬಿದ ಲಾರಿಯೊಂದು ಹೊರಬೀಳುತ್ತದೆ. ಇನಿಸ್ ಅವರ ಕಣ್ಣು ಮಾತ್ರ ಮುಂದಿನ ತಿರುವಿನ ಮೇಲೆ. ಬಲಕ್ಕೆ ಹೊರಳಿದರೆ ಸೇತುವೆ ದಾಟಿ ಗಿರಾಕಿಗಳಿಗೆ. ಎಡಕ್ಕೆ ಹೊರಳಿದರೆ ದಿಬ್ಬದ ಮೇಲಿನ ಹಳೆಯ ಸೆಣಬಿನ ಗಿರಣಿಗೆ. ಅದೀಗ ಬಾಡಿಗೆ ಗೋದಾಮು.

ಲಾರಿ ಎಡಕ್ಕೆ ಹೊರಳುತ್ತದೆ.

“ಏಳನೇದು,” ಎನ್ನುತ್ತಾರೆ. ಬಗ್ಗಿಸಿಕೊಂಡ ಚಹಾ ಹಾಗೇ ಆರುತ್ತಿದೆ. “ಹನ್ನೊಂದರಲ್ಲಿ ಏಳು. ಮೂರು ದಿನದಿಂದ ಇದೇ ಕತೆ. ಮಾಲು ಬಿಕರಿ ಆಗ್ತಿಲ್ಲ.”

ಐವತ್ತೆಂಟರ ಇನಿಸ್ ನೋಡಿಕೊಳ್ಳುವುದು ಎರಡು ಸಾವಿರದ ನೂರ ನಲವತ್ತು ಬಸ್ ನೌಕರರ ಪಿಂಚಣಿ ನಿಧಿಯನ್ನು. ಒಂಬತ್ತು ವರ್ಷದ ಹಿಂದೆ ಗ್ಲೆನ್‌ಹಾರ್ವಿ ಷೇರು ಆರಿಸಿದವರು ಇವರೇ. ಅದು ನಾಲ್ಕು ಪಟ್ಟಾಗಿದೆ, ನಿಧಿಯ ಎಂಟನೇ ಒಂದು ಪಾಲು ಅದರಲ್ಲೇ ಇದೆ. ಇವತ್ತು ಹತ್ತು ಗಂಟೆಗೆ ಅದನ್ನೆಲ್ಲ ಮಾರಿಬಿಡಿ ಎಂದು ಇವರು ಸಮಿತಿಗೆ ಹೇಳಬೇಕು.

ಹದಿನೇಳಕ್ಕೆ ಶಾಲೆ ಬಿಟ್ಟು ಎಡಿನ್‌ಬರಾದ ಹೂಡಿಕೆ ಕಚೇರಿಯೊಂದರಲ್ಲಿ ಕಡತ ಹೊರಲು ಸೇರಿದವರು. ಹೊರುತ್ತ ಹೊರುತ್ತ ಓದಿದರು. ಕಂಪನಿಯ ವರದಿಯನ್ನು ಈಗಲೂ ಕೊನೆಯಿಂದ ಓದುತ್ತಾರೆ. “ಮುಂದಿನ ಪುಟದಲ್ಲಿ ನಗು ಇರುತ್ತೆ, ಹಿಂದಿನ ಪುಟದಲ್ಲಿ ನಿಜ.” ಇಟ್ಟುಕೊಂಡಿರುವುದು ಇಪ್ಪತ್ನಾಲ್ಕೇ ಕಂಪನಿ. ಕೊಳ್ಳುವ ಮೊದಲು ಐದು ಮುಂಜಾವು ಗೇಟಿನೆದುರು. ಕೊಂಡ ಮೇಲೆ ವರ್ಷಕ್ಕೆ ಮೂರು. ಇವರ ಕೈಯಲ್ಲಿ ನೂರು ಪೌಂಡು ಹತ್ತೊಂಬತ್ತು ವರ್ಷದಲ್ಲಿ ಐನೂರು ದಾಟಿದೆ.

ಎಡವಿದ್ದೂ ಉಂಟು. ಮೊದಮೊದಲು ಒಂದು ಬಿಸ್ಕತ್ತು ಕಾರ್ಖಾನೆಯಿಂದ ದಿನಕ್ಕೆ ನಲವತ್ತು ಲಾರಿ ಹೊರಡುವುದನ್ನು ಎಣಿಸಿ, ಹಿಗ್ಗಿ ಷೇರು ಕೊಂಡರು. ಅರ್ಧಕ್ಕರ್ಧ ಲಾರಿ ಗೋದಾಮಿಗೆ ಹೋಗುತ್ತಿದ್ದವು. “ಗೇಟು ಕಂಡೆ, ತಿರುವು ಕಾಣಲಿಲ್ಲ. ಆ ವರ್ಷ ಡ್ರೈವರುಗಳ ಪಿಂಚಣಿ ಹೆಚ್ಚಲಿಲ್ಲ.”

ಹತ್ತು ಗಂಟೆ. ಸಮಿತಿಯ ಅಧ್ಯಕ್ಷೆ ಮಾರ್ವೆನ್ ಗೆಡ್ಡೆಸ್, ಮೂವತ್ತು ವರ್ಷ ಬಸ್ ಓಡಿಸಿದ ಹೆಂಗಸು, ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ.

“ಇದು ಚಿನ್ನದ ಮೊಟ್ಟೆ ಇಡೋ ಕೋಳಿ ಅಂದವನು ನೀನೇ ಅಲ್ವೇನಪ್ಪಾ?”

“ನಾನೇ.”

“ಈಗ ಲಾರಿ ಎಡಕ್ಕೆ ತಿರುಗ್ತು ಅಂತ ಕೋಳೀನೇ ಕುಯ್ಯೋದಾ?”

“ಹೆತ್ತವರಿಗೆ ಹೆಗ್ಗಣ ಮುದ್ದು, ಮಾರ್ವೆನ್. ಒಂಬತ್ತು ವರ್ಷ ಮುದ್ದು ಮಾಡಿದೀನಿ. ಇವತ್ತು ಹೆಗ್ಗಣ ಕಾಣ್ತಿದೆ.”

“ಆ ಮಂಜಲ್ಲಿ ಎಡ ಯಾವುದು, ಬಲ ಯಾವುದು ಅಂತ ಗೊತ್ತಾಯ್ತಾ ನಿಂಗೆ?” ಎನ್ನುತ್ತಾನೆ ಸಮಿತಿಯಲ್ಲಿರುವ ಡಿಪೋ ಮೆಕ್ಯಾನಿಕ್ ಡೂಗಲ್. ಎಲ್ಲರೂ ನಗುತ್ತಾರೆ. ಇನಿಸ್ ನಗುವುದಿಲ್ಲ.

ಕೈ ಎತ್ತಿದರೆ ಮಾರಲು ಮೂರು, ಬೇಡವೆನ್ನಲು ಮೂರು. ಉಳಿದದ್ದು ಮಾರ್ವೆನ್ ಅವರ ಕೈ. “ಮುಂದೆ ರಸ್ತೆ ಕಾಣದಿದ್ರೆ ಬ್ರೇಕ್ ಮೇಲೆ ಕಾಲಿಡೋದು ನನ್ನ ಅಭ್ಯಾಸ,” ಎಂದು ನಿಧಾನವಾಗಿ ಎತ್ತುತ್ತಾರೆ. “ತಪ್ಪಾಯ್ತೋ, ನಿನ್ನ ಕುರ್ಚೀಲಿ ಬೇರೆಯವರು.”

ಷೇರು ಮಾರಿದ ಮೇಲೆ ಬೆಲೆ ಏರುತ್ತದೆ. ಎಂಟು ದಿನ ಏರುತ್ತಲೇ ಹೋಗುತ್ತದೆ. ಡಿಪೋದ ಕ್ಯಾಂಟೀನಿನಲ್ಲಿ ಇವರಿಗೆ ‘ಎಡಗಣ್ಣ’ ಎಂದು ಹೆಸರು ಬೀಳುತ್ತದೆ. ಯಾರೋ ಫೋನು ಮಾಡಿ, “ನಮ್ಮ ಮುಪ್ಪಿನ ಅನ್ನ ಕಳೆದೆಯಲ್ಲೋ,” ಎನ್ನುತ್ತಾರೆ. ಇನಿಸ್ ಪ್ರತಿ ಮುಂಜಾವು ಅದೇ ಬೀದಿಯಲ್ಲಿ ಕೂರುತ್ತಾರೆ. ಒಂದು ದಿನ ಏಳರಲ್ಲಿ ಐದು ಲಾರಿ ಬಲಕ್ಕೆ ಹೊರಳುತ್ತವೆ; ಅಂದು ಊಟ ಸೇರುವುದಿಲ್ಲ.

ಒಂಬತ್ತನೆಯ ಬೆಳಿಗ್ಗೆ ಏಳಕ್ಕೆ ಕಂಪನಿಯ ಪ್ರಕಟಣೆ ಬರುತ್ತದೆ: ಬೇಡಿಕೆ ಕುಸಿದಿದೆ, ಮಾಲು ಗೋದಾಮಿನಲ್ಲಿ ಕೊಳೆಯುತ್ತಿದೆ. ಮಧ್ಯಾಹ್ನದ ಹೊತ್ತಿಗೆ ಷೇರು ಬೆಲೆ ಅರ್ಧ.

ಮಾರ್ವೆನ್ ಬಿಸಿ ಮಟನ್ ಪೈ ಹಿಡಿದು ಬರುತ್ತಾರೆ. “ತಿನ್ನೋ ಎಡಗಣ್ಣ. ಡಿಪೋ ಗೋಡೆ ಮೇಲೆ ನಿನ್ನ ಫೋಟೋ ಹಾಕಿಸ್ತೀನಿ.”

“ಬೇಡ ಮಾರಾಯ್ತಿ,” ಎನ್ನುತ್ತಾರೆ ಇನಿಸ್. “ನಮ್ಮಪ್ಪನೂ ಬಸ್ ಓಡಿಸ್ದೋನು. ಇಳಿಯೋವಾಗ ಎಲ್ಲರೂ ಥ್ಯಾಂಕ್ಸ್ ಅಂದ್ರು, ಹೆಸರು ಒಬ್ಬರೂ ಕೇಳಲಿಲ್ಲ. ಮನೆ ಮಾತ್ರ ಎಲ್ಲರೂ ಸೇರಿದ್ರು.”