ಒರೆಸಿದ ಹಣೆ

ದಾಸರಹಳ್ಳಿಯಲ್ಲಿ ನನಗೆ ಬಾಡಿಗೆ ಕೋಣೆ ಸಿಕ್ಕಿದ್ದು ಹಣೆಯ ಮೇಲಿದ್ದ ಬೂದಿಯಿಂದ. ತೊಂಬತ್ತರ ದಶಕದ ಮೊದಲ ವರ್ಷಗಳು; ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ ಆಗಷ್ಟೇ ಸಿಕ್ಕಿತ್ತು. ಅವತ್ತು ಬೂದಿ ಬುಧವಾರ, ನಮ್ಮ ಕ್ರೈಸ್ತರಿಗೆ ಉಪವಾಸದ ಕಾಲ ಶುರುವಾಗುವ ದಿನ. ಬೆಳಿಗ್ಗೆ ಚರ್ಚಿನಲ್ಲಿ ಪಾದ್ರಿಗಳು ಹಣೆಗೆ ಎಳೆದಿದ್ದ ಬೂದಿಯ ಶಿಲುಬೆ ಬಸ್ಸಿನ ನೂಕುನುಗ್ಗಲಲ್ಲಿ, ಬೆವರಲ್ಲಿ ಕಲಸಿಹೋಗಿ ಬರೀ ಬೂದುಬಣ್ಣದ ಪಟ್ಟೆಯಾಗಿತ್ತು. ಮನೆಯೊಡತಿ ಅಜ್ಜಿ, ಮಗನ ನೌಕರಿಯ ಜೊತೆ ಹಾವೇರಿ ಕಡೆಯಿಂದ ಬಂದು ನೆಲೆಸಿದವರು, ಅದನ್ನು ವಿಭೂತಿ ಎಂದುಕೊಂಡರು. "ನಮ್ಮ ಪೈಕಿ ಹುಡುಗ. ಕೊಡೂಣು ಬಿಡು," ಎಂದು ಮಗನಿಗೆ ಹೇಳಿದರು. ಎಲ್ಲ ಕಡೆ ಇಲ್ಲ ಅನ್ನಿಸಿಕೊಂಡು ಬಂದಿದ್ದ ನಾನು ಬಾಯಿ ಬಿಡಲಿಲ್ಲ.

ಸುಮ್ಮನಿರುವುದು ಸುಳ್ಳಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಆದರೆ ಮರುದಿನದಿಂದಲೇ ನಾನು ಕೆಲಸಕ್ಕೆ ಹೊರಟಾಗ ಅಜ್ಜಿ, "ಬರೀ ಹಣಿ ಚಲೋ ಅಲ್ಲೋ ತಮ್ಮಾ," ಎಂದು ಮೂರು ಬೆರಳಲ್ಲಿ ವಿಭೂತಿ ಎಳೆಯತೊಡಗಿದರು. ತಲೆ ಬಗ್ಗಿಸುತ್ತಿದ್ದೆ, ರಸ್ತೆ ತಿರುವಿನಲ್ಲಿ ಕರ್ಚೀಫಿನಿಂದ ಒರೆಸುತ್ತಿದ್ದೆ. ಬಗ್ಗಿಸುವಾಗ ನನ್ನ ದೇವರಿಗೆ ಮೋಸ, ಒರೆಸುವಾಗ ಅಜ್ಜಿಯ ದೇವರಿಗೆ. ಅವ್ವ ಕೊಟ್ಟ ಜಪಸರ ಟ್ರಂಕಿನ ತಳ ಸೇರಿತು. ಭಾನುವಾರ ಹೊರಟರೆ ಎಲ್ಲಿಗೆ ಎಂದು ಕೇಳುತ್ತಾರಲ್ಲ, ಅದಕ್ಕೆ ಹೊದ್ದು ಮಲಗುತ್ತಿದ್ದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ನಾನು. ಯಾರಿಗೂ ಗೊತ್ತಾಗಲಿಲ್ಲ, ನಿಜ. ಆದರೆ ಪ್ರಾರ್ಥನೆಗೆ ಕೂತರೆ ಮೊದಲ ಮಾತೇ ಹೊರಡುತ್ತಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯುವುದು?

ಮುಂದಿನ ಬೂದಿ ಬುಧವಾರ ತಡೆಯಲಾಗಲಿಲ್ಲ. ನಸುಕಿನಲ್ಲೇ ಚರ್ಚಿಗೆ ಹೋಗಿ ಪಾಪನಿವೇದನೆಗೆ ಮೊಣಕಾಲೂರಿದೆ. ಎಲ್ಲ ಹೇಳಿದೆ. ಪಾದ್ರಿಗಳು ಬೈಯಲಿಲ್ಲ. ದೇವರ ಕ್ಷಮೆಯ ಮಾತು ಹೇಳಿ, "ಪ್ರಾಯಶ್ಚಿತ್ತ ಇಷ್ಟೇ ಕಣಪ್ಪ. ಇವತ್ತು ಹಚ್ಚೋ ಬೂದಿ ಒರೆಸ್ಕೋಬೇಡ. ಹಾಗೇ ಮನೆಗೆ ಹೋಗು," ಎಂದರು. ವಾರವೆಲ್ಲ ಉಪವಾಸ ಇರು ಅಂದಿದ್ದರೆ ಖುಷಿಯಿಂದ ಇರುತ್ತಿದ್ದೆ.

ಬೂದಿ ಹಚ್ಚಿಸಿಕೊಂಡು ಮನೆಗೆ ಬಂದರೆ ಅಜ್ಜಿ ಎಂದಿನಂತೆ ವಿಭೂತಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಇದೇನೋ ಹಣಿ ಮ್ಯಾಲ, ಕರ್ರಗ?"

"ಚರ್ಚಿನ ಬೂದಿ ಅಜ್ಜಿ. ನಾನು ಕ್ರಿಶ್ಚಿಯನ್ನು. ಅವತ್ತು ನೀವು ನೋಡಿದ್ದೂ ಇದೇ."

ಕೋಣೆ ಖಾಲಿ ಮಾಡು ಅನ್ನುತ್ತಾರೆಂದು ಕಾದೆ. ಅಜ್ಜಿ ವಿಭೂತಿಯನ್ನು ಬಟ್ಟೆಯಲ್ಲಿ ಸುತ್ತಿದರು.

"ವರ್ಷತನಕ ನನ್ನ ಕೈಲೆ ಹಚ್ಚಿಸ್ಕೊಂಡೆಲ್ಲೋ. ನಿನ್ನ ದೇವರ ಮುಂದ ನನ್ನೂ ತಪ್ಪಿನಾಗ ಸಿಗಿಸಿದೆಲ್ಲೋ," ಎಂದರು. ಅವರ ಕಣ್ಣು ತುಂಬಿತ್ತು. ಆ ಕಡೆಯಿಂದ ನಾನು ಯೋಚಿಸಿಯೇ ಇರಲಿಲ್ಲ.

ಮರುದಿನದಿಂದ ಅಜ್ಜಿ ವಿಭೂತಿ ಹಿಡಿದು ಬಾಗಿಲಿಗೆ ಬರಲಿಲ್ಲ. ಬೇರೆ ಕೋಣೆ ಹುಡುಕುವುದೇ ಸರಿ ಎಂದುಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಅಜ್ಜಿಯೇ ಬಾಗಿಲು ಬಡಿದರು.

"ಏಳೋ ತಮ್ಮಾ, ನಿಮ್ಮ ಪೂಜಿಗೆ ಹೊತ್ತಾತು. ಅಜ್ಜಿಗೆ ತಿಳೀಲಿಲ್ಲ, ತಪ್ಪಾತು ಅಂತ ನಿನ್ನ ದೇವರಿಗೆ ಹೇಳಿ ಬಾ."

ಚರ್ಚಿನಲ್ಲಿ ಮೊದಲು ಅಜ್ಜಿಯ ಮಾತನ್ನೇ ಹೇಳಿದೆ, ತಲೆ ಎತ್ತದೆ. ಅದರ ಹಿಂದೆಯೇ, ವರ್ಷದಿಂದ ಬಾರದಿದ್ದ ನನ್ನ ಪ್ರಾರ್ಥನೆ ತಾನಾಗಿ ಬಂತು. ಮನಸ್ಸು ತಣ್ಣಗಾಯಿತು. ತಪ್ಪೇ ಮಾಡದ ಮುದುಕಿಯ ಕ್ಷಮಾಪಣೆಯ ಜೊತೆಯಲ್ಲಿ ನನ್ನದೂ ದೇವರ ಬಾಗಿಲೊಳಗೆ ಹೋಗಿತ್ತು.