ಎಡಕ್ಕೆ ಎಳೆಯುವ ಕಾರು

ಕಳೆದ ಗುರುವಾರ ನಾನು ಕುರಿ ಹಿಂಡು ಕಂಡು ಬ್ರೇಕ್ ಹಾಕಿದೆ. ಕಾರು ಚಹಾ ಅಂಗಡಿಗೆ ಹೋಗಿ ನಿಂತಿತು.

ಇದೇನು ಒಗಟಾ ಅಂತೀರಾ? ಅಲ್ಲ, ನಡೆದದ್ದು. ಕೂಡ್ಲಿಗಿಯಲ್ಲಿ ನನಗೆ ಪರೀಕ್ಷೆ ಡ್ಯೂಟಿ ಇತ್ತು. ಕೊಟ್ಟೂರಿನಿಂದ ಬೆಳಿಗ್ಗೆ ಹೊರಟಿದ್ದೆ. ಇನ್ನೇನು ಊರು ಬಂತು ಅನ್ನುವಾಗ ರೋಡಿಗೆ ಅಡ್ಡ ಕುರಿಗಳು. ನಾನೇನು ರಾಕೆಟ್ ಬಿಟ್ಟ ಹಾಗೆ ಹೋಗುತ್ತಿರಲಿಲ್ಲ. ಮರ್ಯಾದೆಯಾಗಿಯೇ ಬ್ರೇಕ್ ತುಳಿದೆ. ಯಾರೋ ಕೈಯಿಂದ ಕಿತ್ತುಕೊಂಡ ಹಾಗೆ ಸ್ಟೇರಿಂಗ್ ಎಡಕ್ಕೆ ತಿರುಗಿತು. ಕಾರು ಡಾಂಬರಿನಿಂದ ಇಳಿದು, ಧೂಳೆಬ್ಬಿಸಿಕೊಂಡು ಹೋಗಿ, ಚಹಾ ಅಂಗಡಿಯ ಬೆಂಚಿಗೆ ಒಂದು ಮೊಳ ದೂರದಲ್ಲಿ ನಿಂತಿತು.

ಬೆಂಚಿನ ಮೇಲೆ ವಯಸ್ಸಾದವರೊಬ್ಬರು ಕೂತಿದ್ದರು. ಕೈಯಲ್ಲಿ ಚಹಾದ ಬಸಿ. ಅವರು ಏಳಲೂ ಇಲ್ಲ, ಕೂಗಲೂ ಇಲ್ಲ.

ನಾನು ಇಳಿದೆ. "ತಪ್ಪಾಯ್ತ್ರಿ, ನನ್ನ ಕಾಲೇ ಭಾರ. ಬ್ರೇಕ್ ಜೋರು ತುಳಿದುಬಿಡ್ತೀನಿ" ಅಂದೆ.

ಅವರು ಬಸಿ ಕೆಳಗಿಟ್ಟರು. ನನ್ನ ಕಾಲನ್ನು ನೋಡಲಿಲ್ಲ. ನೆಟ್ಟಗೆ ರೋಡಿಗೆ ಹೋಗಿ ಬಗ್ಗಿ, ಡಾಂಬರಿನ ಮೇಲೆ ಬಿದ್ದಿದ್ದ ಟೈರಿನ ಕರೀ ಗುರುತು ನೋಡಿದರು. ಗುರುತು ಒಂದೇ ಇತ್ತು. ಎಡಗಡೆ ಚಕ್ರದ್ದು.

"ಮೇಡಂ, ನೀವು ಬ್ರೇಕ್ ತುಳಿಯಾದು ಒಂದೇ ಕಾಲಿಲೆ. ಮುಂದಿನ ಚಕ್ರ ಎರಡು ಅದಾವ. ಎಡದ್ದು ನಿಂತೈತಿ, ಬಲದ್ದು ನಿಂತಿಲ್ಲ. ಇದರಾಗ ನಿಮ್ಮ ಕಾಲಿಂದೇನು ತಪ್ಪು ಐತಿ?"

ಹನ್ನೊಂದು ತಿಂಗಳಲ್ಲಿ ನನ್ನನ್ನು ಬಿಟ್ಟು ಬೇರೆ ಯಾವುದರ ಮೇಲಾದರೂ ಅನುಮಾನಪಟ್ಟ ಮೊದಲ ಮನುಷ್ಯ ಅವರು.

ಹನ್ನೊಂದು ತಿಂಗಳ ಕಥೆ ಹೇಳಿಬಿಡುತ್ತೇನೆ. ನಾನು ಪಾಠ ಮಾಡುವುದು ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ. ಮನೆ ಕೊಟ್ಟೂರಿನಲ್ಲಿ. ವರ್ಷಗಟ್ಟಲೆ ಬಸ್ಸಿನಲ್ಲಿ ಜೋತುಬಿದ್ದು ಓಡಾಡಿದವಳು ನಾನು. ಕೊನೆಗೆ ಹಟ ಹಿಡಿದು ಡ್ರೈವಿಂಗ್ ಕಲಿತೆ. ಬಳ್ಳಾರಿ ಕಡೆಯಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರು ಬಂತು. ಮನೆ ಮುಂದೆ ಆರತಿ ಮಾಡಿ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟೆವು. (ಚಕ್ರದ ಒಳಗೆ ಏನಿದೆ ಅಂತ ಒಬ್ಬರೂ ಇಣುಕಲಿಲ್ಲ.)

ಆ ಕಾರು ನನಗೆ ಏನಾಗಿತ್ತು ಗೊತ್ತೇ? ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ, ಯಾರೂ ನನಗೆ "ಸ್ವಲ್ಪ ನೀರು ಕೊಡು" ಅನ್ನದ ಜಾಗ. ಮನೆಯಲ್ಲಿ ಅಂಥ ಜಾಗ ಇಲ್ಲ. ಸ್ಟಾಫ್ ರೂಮಿನಲ್ಲೂ ಇಲ್ಲ. ಕಿಟಕಿ ಇಳಿಸಿಕೊಂಡು, ಜೋಳದ ಹೊಲಗಳನ್ನು ನೋಡಿಕೊಂಡು, ಬೇಕಾದರೆ ಬೇಸೂರಾಗಿ ಹಾಡಿಕೊಂಡು ಹೋಗುತ್ತಿದ್ದೆ. ಇದನ್ನು ಕೇಳಿ ನಗುವ ಗಂಡಸರು ನಗಲಿ. ಹೆಣ್ಣುಮಕ್ಕಳಿಗೆ ಅರ್ಥವಾಗುತ್ತದೆ.

ಆದರೆ ಕಾರು ಎಡಕ್ಕೆ ಎಳೆಯುತ್ತಿತ್ತು. ಸುಮ್ಮನೆ ಹೋಗುವಾಗ ಏನೂ ಇಲ್ಲ. ಬ್ರೇಕ್ ತುಳಿದರೆ ಸಾಕು, ಎಡಗಡೆ ಜಾಲಿಗಿಡಗಳ ಕಡೆಗೇ ಅದರ ಮನಸ್ಸು.

ನಮ್ಮ ಮನೆಯವರು (ಈ ಅಂಕಣ ಓದುವವರಿಗೆ ಅವರ ಪರಿಚಯ ಇದ್ದೇ ಇದೆ, ಹೊಸಬರಿಗೆ ಹೇಳುವುದಾದರೆ ಕೊಟ್ಟೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವವರು) ಮೊದಲ ವಾರವೇ ತೀರ್ಪು ಕೊಟ್ಟರು. "ನಿನ್ನ ಕಾಲು ಭಾರ. ಕೈನೂ ಎಡಕ್ಕ ಎಳಿತೀ." ಅಂಗಡಿಗೆ ಬಂದವರೆಲ್ಲ ಹೌದು ಹೌದು ಅಂದರು. ಕಾಲೇಜಿನ ಹುಡುಗರು "ಮೇಡಂ ಬಂದ್ರು, ಎಡಕ್ಕ ನಿಲ್ಲಬ್ಯಾಡ್ರಲೇ" ಅಂತ ಚದುರುತ್ತಿದ್ದರು. ನಾನೂ ನಗುತ್ತಿದ್ದೆ. ನಗದೆ ಏನು ಮಾಡಲಿ?

ಒಂದು ಭಾನುವಾರ ಅವರೇ ಕಾರು ಓಡಿಸಿದರು. ಹಡಗಲಿಗೆ ಮದುವೆಗೆ ಹೊರಟಿದ್ದೆವು. ತಿರುವಿನಲ್ಲಿ ಬ್ರೇಕ್ ತುಳಿದರು. ಕಾರು ಎಡಕ್ಕೆ ಜಗ್ಗಿತು. "ಥೂ, ಈ ರೋಡ್ ಮಾಡಿದವ್ನ ಕೈ ಸೇದಿಹೋಗ" ಅಂದರು. ಅವರು ಓಡಿಸಿದಾಗ ರೋಡಿನ ತಪ್ಪು, ನಾನು ಓಡಿಸಿದಾಗ ನನ್ನ ತಪ್ಪು. ಅವತ್ತು ಇದು ನನಗೆ ಹೊಳೆಯಲೇ ಇಲ್ಲ ನೋಡಿ. ರೋಡು ಕೆಟ್ಟದ್ದೇ ಇರಬೇಕು ಅಂದುಕೊಂಡೆ.

ಎರಡು ತಿಂಗಳ ಹಿಂದೆ ಬಲಗಡೆ ಮುಂದಿನ ಚಕ್ರದಲ್ಲಿ ಕರ್ರ್ ಅಂತ ಸದ್ದು ಶುರುವಾಯಿತು. ನಮ್ಮೂರಿನ ಫಿಟ್ಟರ್ ಬಸಣ್ಣ ಆ ಚಕ್ರ ಬಿಚ್ಚಿದ. ಕಾರಿನ ಬ್ರೇಕ್ ಗೊತ್ತಿಲ್ಲದವರಿಗೆ ಎರಡೇ ಮಾತಿನಲ್ಲಿ ಹೇಳುತ್ತೇನೆ. ಚಕ್ರದ ಜೊತೆಗೇ ತಿರುಗುವ ಕಬ್ಬಿಣದ ತಟ್ಟೆಗೆ ಡಿಸ್ಕ್ ಅನ್ನುತ್ತಾರೆ. ಬ್ರೇಕ್ ತುಳಿದಾಗ ಅದನ್ನು ಎರಡೂ ಕಡೆಯಿಂದ ಅಮುಕಿ ಹಿಡಿದು ನಿಲ್ಲಿಸುವುದಕ್ಕೆ ಪ್ಯಾಡ್ ಅನ್ನುತ್ತಾರೆ. ನಮ್ಮ ಡಿಸ್ಕ್ ಸವೆದು ಗೀರುಬಿದ್ದು ಹಾಳಾಗಿತ್ತು. ಬೇರೆ ಹಾಕಬೇಕು.

ಬೇರೆಯದು ಸಿಗುವುದು ದಾವಣಗೆರೆಯಲ್ಲಿ. ತರಿಸುವುದು ಹೇಗೆ? ನಮ್ಮ ಕಡೆ ಇದಕ್ಕೊಂದು ಪದ್ಧತಿ ಇದೆ. ಟೇಲರಿಗೆ ಅಳತೆ ಜಂಪರ್, ಅಂದರೆ ಹಳೇ ರವಿಕೆ, ಕೊಟ್ಟು ಕಳಿಸುವುದಿಲ್ಲವೇ? ಟೇಪ್ ಹಿಡಿಸಿಕೊಳ್ಳುವ ರಗಳೆ ಯಾಕೆ, "ಇದರ ಹಂಗೇ ಹೊಲೀರಿ" ಅಂದರೆ ಮುಗಿಯಿತು. ಹಾಗೇ ಬಸಣ್ಣ ಹಳೇ ಡಿಸ್ಕನ್ನು ಗೋಣಿಚೀಲದಲ್ಲಿ ಸುತ್ತಿ, ದಾವಣಗೆರೆ ಬಸ್ಸಿನ ಡ್ರೈವರ್ ಕೈಗೆ ಕೊಟ್ಟ. "ಅಳತಿ ಕಳ್ಸೀನಿ, ಇದರ ಹಂಗೇ ಒಂದು ಕೊಡ್ರಿ" ಅಂತ ಅಂಗಡಿಗೆ ಫೋನ್ ಮಾಡಿದ. ಸಂಜೆ ಬಸ್ಸಿಗೆ ಅದರ ಹಾಗೇ ಇದ್ದ ಹೊಸ ಡಿಸ್ಕು, ಪ್ಯಾಡು ಬಂದವು. ಕೂಡಿಸಿದ. ಸದ್ದು ನಿಂತಿತು.

ಎಳೆಯುವುದು ನಿಲ್ಲಲಿಲ್ಲ.

ಈಗ ನನ್ನ ವಿರುದ್ಧ ಸಾಕ್ಷಿ ಪಕ್ಕಾ ಆಯಿತು. "ಹೊಸಾ ಬ್ರೇಕ್ ಹಾಕಿಸಿದ ಮ್ಯಾಲೂ ಎಳೀತೈತಿ ಅಂದ್ರ ತಪ್ಪು ಗಾಡೀದಲ್ಲ" ಅಂದರು ಮನೆಯವರು. ವಾದದಲ್ಲಿ ಎಲ್ಲಿ ತೂತಿದೆ ಹೇಳಿ? ನನಗಂತೂ ಕಾಣಲಿಲ್ಲ. ಯಾವತ್ತಾದರೂ ಯಾರ ಮೇಲಾದರೂ ಹತ್ತಿಸುತ್ತೀ, ಬೇಡ, ಮಾರಿಬಿಡೋಣ ಅಂದರು. ಹರಪನಹಳ್ಳಿಯ ಒಬ್ಬರು ನೋಡಿಹೋದರು. ಭಾನುವಾರ ಬಂದು ತೆಗೆದುಕೊಂಡು ಹೋಗುವ ಮಾತಾಯಿತು.

ನಾನು ಒಪ್ಪಿದೆ. ಅವತ್ತು ರೊಟ್ಟಿ ಬಡಿಯುವಾಗ ಕಣ್ಣಲ್ಲಿ ನೀರು ಬಂತು. ಏನಾಯ್ತು ಅಂತ ಕೇಳಿದ್ದಕ್ಕೆ ಹೊಗೆ ಅಂದೆ. (ನಮ್ಮ ಮನೆಯಲ್ಲಿರುವುದು ಗ್ಯಾಸ್ ಒಲೆ.)

ಇದು ಗುರುವಾರದವರೆಗಿನ ಕಥೆ. ಈಗ ಕೂಡ್ಲಿಗಿಯ ಚಹಾ ಅಂಗಡಿಗೆ ವಾಪಸ್ ಬನ್ನಿ.

ಬಸಿ ಹಿಡಿದು ಕೂತಿದ್ದವರ ಹೆಸರು ದುರುಗಪ್ಪ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು. ಚಹಾ ಅಂಗಡಿಯ ಪಕ್ಕದ ತಗಡಿನ ಶೆಡ್ಡು ಅವರದೇ. "ಡ್ಯೂಟಿ ಮುಗಿಸ್ಕೊಂಡು ಬರ್ರಿ, ಅಷ್ಟ್ರಾಗ ಬಿಚ್ಚಿಟ್ಟಿರ್ತೀನಿ" ಅಂದರು. ಬಸಣ್ಣ ಏನೇನು ಮಾಡಿದ ಅಂತ ಹೇಳಿದೆ.

"ಬಲಗಡೆ ಅಷ್ಟೇ ಬಿಚ್ಚಿದ್ನ?"

"ಸದ್ದು ಬರ್ತಿದ್ದದ್ದು ಅಲ್ಲೇ ಅಲ್ರಿ?"

"ಒಂದೇ ಕಾಲಿಗೆ ಹೊಸಾ ಚಪ್ಲಿ ಹಾಕ್ಕೊಂಡು ಅಡ್ಡಾಡ್ತೀರೇನ್ರಿ ನೀವು? ಬ್ರೇಕ್ ಅಂದಮ್ಯಾಲ ಎರಡೂ ಕಡಿ ಬಿಚ್ಚಬೇಕು. ಡಿಪೋದಾಗ ಒಂದು ಕಡಿ ಬಿಚ್ಚಿ ಸುಮ್ನಾಗಿದ್ರ ಮೆಮೊ ಕೊಡ್ತಿದ್ರು ನಮಗ."

ಮಧ್ಯಾಹ್ನ ವಾಪಸ್ ಬಂದೆ. ಶೆಡ್ಡಿನ ಮುಂದೆ ಗೋಣಿಚೀಲದ ಮೇಲೆ ಎರಡು ಡಿಸ್ಕ್ ಇದ್ದವು. ದುರುಗಪ್ಪ ಬಲಗಡೆಯದನ್ನು ಎತ್ತಿ ಎಡಗಡೆಯದರ ಮೇಲೆ ಇಟ್ಟರು. ಬೋಲ್ಟಿನ ತೂತುಗಳು ಸರಿಯಾಗಿ ಒಂದರ ಮೇಲೊಂದು ಕೂತವು. ಆದರೆ ಸುತ್ತಲೂ ಕೆಳಗಿನದರ ಅಂಚು ಹೊರಗೆ ಕಾಣುತ್ತಿತ್ತು. ಕಿರುಬೆರಳಿನ ಅಗಲ.

ಬಲಗಡೆ ಡಿಸ್ಕ್ ಚಿಕ್ಕದು!

ಆ ಕಾರು ಒಂದೇ ಹೆಸರಿನಲ್ಲಿ ಎರಡು ಥರ ಬಂದಿತ್ತಂತೆ. ಮೊದಲಿನ ವರ್ಷಗಳದ್ದಕ್ಕೆ ಚಿಕ್ಕ ಡಿಸ್ಕು, ಆಮೇಲಿನದ್ದಕ್ಕೆ ದೊಡ್ಡದು. ನಮ್ಮದು ಆಮೇಲಿನದು. ನಮಗಿಂತ ಮುಂಚೆ ಇಟ್ಟುಕೊಂಡಿದ್ದವರು ಯಾವಾಗಲೋ ಬಲಗಡೆ ಚಿಕ್ಕದನ್ನು ಹಾಕಿಸಿದ್ದಾರೆ. ತೂತು ಕೂತಿತಲ್ಲ, ಸಾಕು! ಬಸಣ್ಣ ಅಳತೆಗೆ ಕಳಿಸಿದ್ದು ಅದನ್ನೇ. ದಾವಣಗೆರೆಯವರು ಪಾಪ, ಅದರ ಹಾಗೇ ಕೊಟ್ಟಿದ್ದರು. ಅಳತೆ ಜಂಪರೇ ಬೇರೆ ಯಾರದೋ ಆಗಿದ್ದರೆ ಟೇಲರ್ ಏನು ಮಾಡಿಯಾನು?

ಬಲಗಡೆಯ ಪ್ಯಾಡ್ ತೋರಿಸಿದರು. ಎರಡೇ ತಿಂಗಳಲ್ಲಿ ಅದರಲ್ಲಿ ಮೆಟ್ಟಿಲು ಬಿದ್ದಿತ್ತು. ಡಿಸ್ಕಿಗೆ ತಾಗಿದ ಭಾಗ ಸವೆದಿತ್ತು. ಮೇಲಿನ ಭಾಗ ಹಿಡಿಯಲು ಏನೂ ಇಲ್ಲದೆ ಗಾಳಿಯಲ್ಲಿ ನಿಂತಿತ್ತು. "ಬಲದ್ದು ಅರೆಮನಸ್ಸಿಲೆ ಹಿಡೀತೈತಿ, ಎಡದ್ದು ಪೂರಾ ಹಿಡೀತೈತಿ. ಗಾಡಿ ಎಡಕ್ಕ ಹೋಗದ ಎಲ್ಲಿಗೆ ಹೋಗ್ಬೇಕ್ರಿ?" ಅಂದರು ದುರುಗಪ್ಪ.

ನಾನು ಆ ಗೋಣಿಚೀಲದ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ನಗು ಬಂತು, ಅಳುವೂ ಬಂತು. ಕಿರುಬೆರಳಿನಷ್ಟು ಕಬ್ಬಿಣ! ಇಷ್ಟಕ್ಕಾಗಿ ನಾನು ಹನ್ನೊಂದು ತಿಂಗಳು ನನ್ನ ಕಾಲನ್ನು ಬೈದುಕೊಂಡೆನೇ?

ಸರಿಯಾದ ಡಿಸ್ಕ್ ತರಿಸಿ ಶನಿವಾರ ಕೂಡಿಸುತ್ತೇನೆ, ಅಲ್ಲಿವರೆಗೆ ಕಾರು ಇಲ್ಲೇ ಇರಲಿ ಅಂದರು ದುರುಗಪ್ಪ. ಮೊಬೈಲಿಗೆ ಟವರ್ ಸಿಗಲಿಲ್ಲ. ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನ್ ಮಾಡಿದೆ. "ಹೆಂಗಿದ್ರೂ ಭಾನುವಾರ ಮಾರೋದು, ಈಗ್ಯಾಕ ಬಿಚ್ಚಿಸ್ಕೊಂಡು ಕುಂತಿ?" ಅಂದರು ಮನೆಯವರು. ನನಗೆ ಯಾವತ್ತೂ ಬಾರದ ಸಿಟ್ಟು ಬಂತು. "ಮಾರಿದ ಮ್ಯಾಲೆ ಓಡ್ಸೋರೂ ಮನುಷ್ಯರೇ ಅಲ್ರಿ? ನೆಟ್ಟಗೆ ನಿಲ್ಲದ ಗಾಡಿನ ಇನ್ನೊಬ್ಬರ ಕೈಗೆ ಹೆಂಗ್ ಕೊಡ್ತೀರಿ?" ಅಂದೆ. ಶನಿವಾರ ನಾನೂ ಬರ್ತೀನಿ ಅಂದರು ಅವರು.

ದುರುಗಪ್ಪ ಈ ಸಲ ಯಾವ ಡಿಸ್ಕನ್ನೂ ಬಸ್ ಹತ್ತಿಸಲಿಲ್ಲ. ಎಡಗಡೆಯದರ ಮೇಲೆ ಕೆತ್ತಿದ್ದ ನಂಬರ್ ಬರೆದುಕೊಂಡರು. ಸ್ಕೇಲ್ ಇಟ್ಟು ಅಗಲ, ದಪ್ಪ, ನಡುವಿನ ತೂತು, ಬೋಲ್ಟಿನ ಅಂತರ ಎಲ್ಲ ಚೀಟಿಯಲ್ಲಿ ಬರೆದರು. ಹೊಸಪೇಟೆಯ ಅಂಗಡಿಗೆ ಫೋನಿನಲ್ಲಿ ಎರಡೆರಡು ಸಲ ಓದಿದರು. "ಗಾಡಿ ಹೆಸರು ಆಮ್ಯಾಲ. ಮೊದ್ಲು ಸೈಜ್ ಬರಕೋ" ಅಂತ ಆ ಕಡೆಯವರನ್ನು ಗದರಿಸಿದರು.

ಶನಿವಾರ ನಾವಿಬ್ಬರೂ ಬಸ್ಸಿನಲ್ಲಿ ಹೋದಾಗ ಪಾರ್ಸೆಲ್ ಬಂದಿತ್ತು. ಎರಡು ಡಿಸ್ಕು, ಎರಡೂ ಕಡೆಗೆ ಪ್ಯಾಡು. ಡಬ್ಬದ ಮೇಲೆ ಕಾರಿನ ಕಂಪನಿಯ ಹೆಸರಿರಲಿಲ್ಲ. ಮನೆಯವರು ಹುಬ್ಬು ಗಂಟಿಕ್ಕಿದರು. "ಕಂಪನಿ ಮಾಲಲ್ಲ ಇದು?"

"ಬ್ಯಾರೆ ಕಂಪನೀದು ಸಾವ್ಕಾರ್ರ, ಮಾಲು ಚೊಲೋ ಐತಿ. ಡಬ್ಬಿ ಮ್ಯಾಲಿನ ಹೆಸರು ಗಾಡಿ ನಿಲ್ಸಂಗಿಲ್ಲ, ಸೈಜ್ ನಿಲ್ಸತೈತಿ. ನೀವೇ ಇಟ್ಟು ನೋಡ್ರಿ."

ಇಟ್ಟು ನೋಡಿದರು. ಎಡಗಡೆಯ ಹಳೆಯದರ ಮೇಲೆ ಹೊಸದು. ಅಂಚಿಗೆ ಅಂಚು ಸರಿಯಾಗಿತ್ತು. ಆಮೇಲೆ ಬಲಗಡೆಯ ಹಳೆಯದನ್ನು ಹೊಸದರ ಮೇಲಿಟ್ಟು ಸುತ್ತಲೂ ಬೆರಳಾಡಿಸಿದರು.

ದುರುಗಪ್ಪನ ಕೆಲಸ ನೋಡುವ ಹಾಗಿತ್ತು. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲಿ ಅಂತ ಸವರಿದ್ದ ಎಣ್ಣೆಯನ್ನು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದರು. ಅದು ಕೂರುವ ಜಾಗದ ತುಕ್ಕನ್ನು ತಂತಿ ಬ್ರಶ್ಶಿನಲ್ಲಿ ಉಜ್ಜಿದರು. ಕೂಡಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ, ಕಿವಿಗೊಟ್ಟು ಕೇಳಿದರು. ಆಮೇಲೆ ನನಗೆ, "ಒಳಗ ಕುಂದರ್ರಿ ಮೇಡಂ. ಗಾಡಿ ಎತ್ತಬ್ಯಾಡ್ರಿ, ಬರೇ ಬ್ರೇಕ್ ತುಳೀರಿ" ಅಂದರು.

ತುಳಿದೆ. ಪೆಡಲ್ ಸೀದಾ ನೆಲಕ್ಕೆ ಹೋಯಿತು. "ಬ್ರೇಕೇ ಇಲ್ಲಲ್ರಿ!" ಅಂತ ಕೂಗಿದೆ.

"ಹೆದರಬ್ಯಾಡ್ರಿ, ಪ್ಯಾಡು ಇನ್ನೂ ದೂರ ಅದಾವ. ತುಳೀರಿ, ತುಳೀರಿ." ತುಳಿದೆ. ನಾಲ್ಕನೇ ಸಲಕ್ಕೆ ಗಟ್ಟಿಯಾಯಿತು.

ಚಿಕ್ಕಜೋಗಿಹಳ್ಳಿ ಕಡೆ ಖಾಲಿ ರೋಡಿನಲ್ಲಿ ಟ್ರಯಲ್. ಪಕ್ಕದ ಸೀಟಿನಲ್ಲಿ ಮನೆಯವರು, ಹಿಂದೆ ದುರುಗಪ್ಪ. "ಸ್ಟೇರಿಂಗ್ ಬಿಗಿ ಹಿಡೀಬ್ಯಾಡ್ರಿ, ಸುಮ್ನ ಕೈ ಇಡ್ರಿ. ಈಗ ತುಳೀರಿ."

ತುಳಿದೆ. ಕಾರು ನಿಂತಿತು. ಬಿಳೀ ಗೆರೆಯ ಪಕ್ಕದಲ್ಲಿ, ನೆಟ್ಟಗೆ.

ಇನ್ನೊಮ್ಮೆ. ನೆಟ್ಟಗೆ. ಸ್ವಲ್ಪ ಜೋರಾಗಿ ಹೋಗಿ ಇನ್ನೊಮ್ಮೆ. ನೆಟ್ಟಗೆ! ಅಯ್ಯೋ ದೇವರೇ, ಎಷ್ಟು ಹಗುರ ಆಯಿತು ಅಂತೀರಿ! ಬೇಕಿಲ್ಲದಿದ್ದರೂ ಇನ್ನೆರಡು ಸಲ ತುಳಿದೆ. ಹಿಂದಿನಿಂದ ದುರುಗಪ್ಪ, "ಸಾಕ್ರಿ ಮೇಡಂ, ಪ್ಯಾಡು ಇವತ್ತೇ ಸವೆದುಹೋಗ್ತಾವ" ಅಂದರು.

ಊರೊಳಗೆ ಬಂದು ದುರುಗಪ್ಪನನ್ನು ಇಳಿಸಿದೆವು. ಮನೆಯವರು "ಒಂದ್ ನಿಮಿಷ" ಅಂತ ಬೂತಿಗೆ ಹೋದರು. ಗಾಜಿನ ಬಾಗಿಲು ಮುಚ್ಚುತ್ತಿರಲಿಲ್ಲ, ನನಗೆ ಕೇಳಿಸಿತು. "ನಾಳಿ ಬರಬ್ಯಾಡ್ರಿ. ಗಾಡಿ ಮಾರಂಗಿಲ್ಲ. ಇಲ್ರಿ, ಗಾಡಿ ಚೊಲೋ ಐತಿ, ಅದಕ್ಕ. ನಮ್ಮ ಮನಿಯಾಕಿ ಓಡಿಸ್ತಾಳ."

ಬಂದು ಕೂತರು. ನಾನು ಕೊಟ್ಟೂರಿನ ಕಡೆಗೆ ತಿರುಗಿಸಿದೆ. ನಾನು ಬ್ರೇಕ್ ತುಳಿದಾಗೆಲ್ಲ ಅವರೂ ತಮ್ಮ ಕಡೆ ನೆಲವನ್ನು ತುಳಿಯುವುದು ವಾಡಿಕೆ. ಅವತ್ತು ಕಾಲು ಚಾಚಿಕೊಂಡು ಕೂತಿದ್ದರು. ಆಮೇಲೆ ಕಿಟಕಿಯಿಂದ ಹೊರಗೆ ನೋಡುತ್ತಲೇ ಕೇಳಿದರು.

"ಅಲ್ಲ, ನೀನಾದ್ರೂ ಒಂದ್ ಸಲ ಗಟ್ಟಿಯಾಗಿ ಹೇಳಬೇಕಿತ್ತಲ್ಲ, ತಪ್ಪು ನಂದಲ್ಲ ಅಂತ?"

"ಹೇಳಿದ್ರ ಚಕ್ರ ಬಿಚ್ಚಿಸ್ತಿದ್ರೇನ್ರಿ?"